ಹುಣಸೆ ಮರ ಮತ್ತು ಅದರ ಪಾಕೋಪಯೋಗಗಳು

ಪೀಠಿಕೆ

ಕರ್ನಾಟಕದ ಒಣ ಬೇಸಾಯದ ಪ್ರದೇಶಗಳಲ್ಲಿ ಹೊಲದ ಬದು, ಕೆರೆಯ ಏರಿ, ಗುಂಡುತೋಪು, ಗೋಮಾಳ, ದೇವಸ್ಥಾನದ ಆವರಣ ಹಾಗೂ ಹಳೆಯ ಹೆದ್ದಾರಿಗಳ ಇಕ್ಕೆಲಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಮರಗಳಲ್ಲಿ ಹುಣಸೆಯು ಪ್ರಮುಖವಾದುದು. ನೆಟ್ಟವರ ಕಾಲಾನಂತರವೂ ಹಲವು ತಲೆಮಾರುಗಳಿಗೆ ಫಲ ನೀಡುವ ಈ ಮರವು ಮಳೆ ಕೈಕೊಟ್ಟ ವರ್ಷಗಳಲ್ಲಿ ಗ್ರಾಮೀಣ ಕುಟುಂಬಗಳಿಗೆ ಆದಾಯವನ್ನೂ, ನಿತ್ಯದ ಅಡುಗೆಗೆ ಹುಳಿಯನ್ನೂ ಒದಗಿಸುತ್ತ ಬಂದಿದೆ. 'ಮರ ಮುಪ್ಪಾದರೂ ಹುಳಿ ಮುಪ್ಪೇ?' ಎಂಬ ಗಾದೆಯು ಈ ಮರದ ದೀರ್ಘಾಯುಷ್ಯದ ಅನುಭವದಿಂದಲೇ ಹುಟ್ಟಿದುದಾಗಿದೆ. ಹುಣಸೆಯ ಸಸ್ಯ ಲಕ್ಷಣ, ಕೊಯ್ಲು, ಸಂಸ್ಕರಣೆ, ಪಾಕೋಪಯೋಗ ಮತ್ತು ಸಂರಕ್ಷಣೆಯ ಕುರಿತ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

ಹೆಸರು ಮತ್ತು ಮೂಲ

ಹುಣಸೆಯ ವೈಜ್ಞಾನಿಕ ಹೆಸರು ಟ್ಯಾಮರಿಂಡಸ್ ಇಂಡಿಕಾ. ಇದು ದ್ವಿದಳ ಸಸ್ಯಗಳ ಫ್ಯಾಬೇಸೀ ಕುಟುಂಬಕ್ಕೆ ಸೇರಿದ್ದು, ಟ್ಯಾಮರಿಂಡಸ್ ಕುಲದಲ್ಲಿರುವ ಏಕೈಕ ಪ್ರಭೇದವಾಗಿದೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಹೆಸರನ್ನು ನೀಡಿದನು. 'ಭಾರತದ ಖರ್ಜೂರ' ಎಂಬರ್ಥದ 'ತಮರ್ ಹಿಂದಿ' ಎಂಬ ಅರಬ್ಬೀ ಪದದಿಂದ ಕುಲದ ಹೆಸರು ಬಂದಿದೆ. ಹೆಸರಿನಲ್ಲಿ ಎರಡು ಬಾರಿ ಭಾರತದ ಸೂಚನೆ ಇದ್ದರೂ ಈ ಮರದ ಮೂಲ ನೆಲೆ ಉಷ್ಣವಲಯದ ಆಫ್ರಿಕಾ. ಅತಿ ಪ್ರಾಚೀನ ಕಾಲದಲ್ಲಿಯೇ ಭಾರತಕ್ಕೆ ಬಂದು ಇಲ್ಲಿಯ ಮಣ್ಣಿಗೆ ಸಂಪೂರ್ಣವಾಗಿ ಒಗ್ಗಿಕೊಂಡಿರುವುದರಿಂದ ಇದನ್ನು ಜನರು ದೇಶೀಯ ಮರವೆಂದೇ ಭಾವಿಸಿದ್ದಾರೆ.

ಸಂಸ್ಕೃತದಲ್ಲಿ ಚಿಂಚಾ, ತಿಂತ್ರಿಣೀ, ಆಮ್ಲಿಕಾ, ತೆಲುಗಿನಲ್ಲಿ ಚಿಂತ, ತಮಿಳಿನಲ್ಲಿ ಪುಳಿ, ಹಿಂದಿಯಲ್ಲಿ ಇಮ್ಲಿ ಎಂದು ಇದನ್ನು ಕರೆಯಲಾಗುತ್ತದೆ. ಬೆಂಗಳೂರಿನ ಉತ್ತರಕ್ಕಿರುವ ಹುಣಸಮಾರನಹಳ್ಳಿಯಂತಹ ಊರುಗಳ ಹೆಸರಿನಲ್ಲಿಯೂ ಹುಣಸೆ ಉಳಿದುಕೊಂಡಿದೆ.

ಇತರ 'ಹುಣಸೆ'ಗಳು

ಹುಣಸೆ ಎಂಬ ಪದವು ಸೇರಿರುವ ಇತರ ಮರಗಳೂ ಇದ್ದು, ಇವುಗಳ ಬಗ್ಗೆ ಗೊಂದಲ ಉಂಟಾಗುವುದುಂಟು.

1. ಸೀಮೆ ಹುಣಸೆ: ಅಮೆರಿಕ ಖಂಡದ ಮೂಲದ ಮುಳ್ಳಿನ ಮರ. ಸುರುಳಿಯಾಕಾರದ ಕಾಯಿಯೊಳಗಿನ ಬಿಳಿ ಅಥವಾ ನಸುಗೆಂಪು ತಿರುಳನ್ನು ಹಾಗೆಯೇ ತಿನ್ನಲಾಗುತ್ತದೆ. ಅಡುಗೆಯ ಹುಳಿಗೆ ಇದು ಉಪಯುಕ್ತವಲ್ಲ.

2. ದೊಡ್ಡ ಹುಣಸೆ ಅಥವಾ ಆನೆ ಹುಣಸೆ: ಇದು ಆಫ್ರಿಕಾದ ಬಾವೊಬಾಬ್ ಮರ. ಹಾವೇರಿ ಜಿಲ್ಲೆಯ ಸವಣೂರಿನ ಮಠದ ಆವರಣದಲ್ಲಿರುವ ಪ್ರಸಿದ್ಧ ದೊಡ್ಡ ಹುಣಸೆ ಮರಗಳು ಈ ಜಾತಿಗೆ ಸೇರಿದವು.

3. ಮುರುಗಲು, ಉಪ್ಪಾಗೆ ಮತ್ತು ಕಾಚಂಪುಳಿ: ಕರಾವಳಿ, ಮಲೆನಾಡು ಹಾಗೂ ಕೊಡಗಿನಲ್ಲಿ ಹುಣಸೆಗೆ ಬದಲಾಗಿ ಬಳಸುವ ಹುಳಿಗಳು. ಇವು ಗಾರ್ಸೀನಿಯ ಕುಲದ ಮರಗಳ ಹಣ್ಣಿನಿಂದ ದೊರೆಯುತ್ತವೆ.

ಸಸ್ಯ ಲಕ್ಷಣಗಳು

ಹುಣಸೆಯು ನಿಧಾನವಾಗಿ ಬೆಳೆದು 20 ಮೀಟರಿಗೂ ಹೆಚ್ಚು ಎತ್ತರವಾಗುವ, ದಟ್ಟವಾದ ಹಂದರವುಳ್ಳ ಮರ. ಎಲೆಗಳು ಸಂಯುಕ್ತವಾಗಿದ್ದು, ಪ್ರತಿ ಎಲೆಯಲ್ಲಿ ಸಾಮಾನ್ಯವಾಗಿ 10ರಿಂದ 18 ಜೊತೆ ಕಿರು ಎಲೆಗಳಿರುತ್ತವೆ. ಇವು ರಾತ್ರಿಯಲ್ಲಿ ಮಡಚಿಕೊಳ್ಳುತ್ತವೆ. ಹೂಗಳು ತೆಳು ಹಳದಿ ಬಣ್ಣದವು. ದಳಗಳ ಮೇಲೆ ಕೆಂಪು ಗೆರೆಗಳಿರುತ್ತವೆ. ಐದು ದಳಗಳ ಪೈಕಿ ಮೂರು ಮಾತ್ರ ಪೂರ್ಣವಾಗಿ ಬೆಳೆದು ಉಳಿದೆರಡು ಎಳೆಯಂತೆ ಕಿರಿದಾಗಿರುತ್ತವೆ.

ಕರ್ನಾಟಕದಲ್ಲಿ ಬೇಸಿಗೆಯ ಕೊನೆಯಿಂದ ಮುಂಗಾರಿನ ಆರಂಭದವರೆಗೆ ಹೂವಾಗಿ, ಮುಂದಿನ ಜನವರಿಯಿಂದ ಏಪ್ರಿಲ್ ಅವಧಿಯಲ್ಲಿ ಹಣ್ಣು ಕೊಯ್ಲಿಗೆ ಬರುತ್ತದೆ. ಹೀಚು, ಕಾಯಿ, ದೋರೆಗಾಯಿ, ಹಣ್ಣು ಎಂಬ ಹಂತಗಳನ್ನು ಜನರು ಗುರುತಿಸುತ್ತಾರೆ. ಹಣ್ಣಾದಾಗ ತಿರುಳು ಕುಗ್ಗಿ ಓಡಿನಿಂದ ಬೇರ್ಪಡುತ್ತದೆ. ಬೆರಳಿನಿಂದ ತಟ್ಟಿದಾಗ ಟೊಳ್ಳು ಶಬ್ದ ಬರುವುದು ಹಣ್ಣು ಕೊಯ್ಲಿಗೆ ಸಿದ್ಧವಾದುದರ ಲಕ್ಷಣ.

ಹುಣಸೆ ಮರದಲ್ಲಿ ದೆವ್ವವಿದೆ, ಅದರ ಕೆಳಗೆ ಮಲಗಬಾರದು ಎಂಬ ನಂಬಿಕೆ ನಾಡಿನ ಹಲವೆಡೆ ಪ್ರಚಲಿತವಾಗಿದೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ದಟ್ಟ ನೆರಳಿನಿಂದಾಗಿ ಹಾಗೂ ಉದುರಿದ ಎಲೆಗಳ ಹುಳಿಯಿಂದಾಗಿ ಮರದಡಿ ಇತರ ಗಿಡಗಳು ಸೊಂಪಾಗಿ ಬೆಳೆಯದಿರುವುದು ಇಂತಹ ಭಾವನೆಗೆ ಪುಷ್ಟಿ ನೀಡಿರಬಹುದು. ಇದಕ್ಕೆ ವ್ಯತಿರಿಕ್ತವಾಗಿ, 1908ರ ಸೆಪ್ಟೆಂಬರ್ ತಿಂಗಳಿನಲ್ಲಿ ಹೈದರಾಬಾದಿನಲ್ಲಿ ಮೂಸಿ ನದಿಗೆ ಮಹಾಪ್ರವಾಹ ಬಂದಾಗ ಅಫ್ಜಲ್‌ಗಂಜ್‌ನ ಹುಣಸೆ ಮರವೊಂದು ತನ್ನನ್ನೇರಿದ ಸುಮಾರು 150 ಜನರ ಪ್ರಾಣ ಉಳಿಸಿತೆಂಬುದು ಪ್ರಸಿದ್ಧವಾಗಿದೆ.

ಹಣ್ಣಿನ ಸಂಘಟನೆ

ಇಡೀ ಹಣ್ಣಿನ ತೂಕದಲ್ಲಿ ಅಂದಾಜು ಶೇ. 55 ತಿರುಳು, ಶೇ. 34 ಬೀಜ ಮತ್ತು ಶೇ. 11 ಓಡು ಹಾಗೂ ನಾರು ಇರುತ್ತದೆ. ತಿರುಳಿನ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ಇದರ ಪ್ರಮಾಣ ಸಾಮಾನ್ಯವಾಗಿ ಶೇ. 8ರಿಂದ 18ರಷ್ಟಿರುತ್ತದೆ. ಬಹುತೇಕ ಹಣ್ಣುಗಳಲ್ಲಿ ಮಾಗಿದಂತೆ ಹುಳಿ ಕಡಿಮೆಯಾಗುತ್ತದೆ. ಹುಣಸೆಯಲ್ಲಾದರೋ ಈ ಆಮ್ಲವು ಕಡಿಮೆಯಾಗದೆ, ಅದರೊಂದಿಗೆ ಸಕ್ಕರೆಯ ಅಂಶವು ಹೆಚ್ಚುತ್ತ ಹೋಗುತ್ತದೆ. ಹಣ್ಣಿಗೆ ಹುಳಿಸಿಹಿ ರುಚಿ ಬರುವುದು ಈ ಕಾರಣದಿಂದ.

ಹುಳಿ ಇರುವುದರಿಂದ ಹುಣಸೆಯಲ್ಲಿ 'ಸಿ' ಜೀವಸತ್ವ ಹೇರಳವಾಗಿದೆ ಎಂಬುದು ತಪ್ಪು ತಿಳಿವಳಿಕೆ. 100 ಗ್ರಾಂ ತಿರುಳಿನಲ್ಲಿ ಇದರ ಪ್ರಮಾಣ ಕೆಲವೇ ಮಿಲಿಗ್ರಾಂಗಳು ಮಾತ್ರ. ಆದರೆ ಥಯಾಮಿನ್ ಎಂಬ 'ಬಿ' ಜೀವಸತ್ವ, ಪೊಟ್ಯಾಸಿಯಂ, ಮೆಗ್ನೀಸಿಯಂ, ಸುಣ್ಣದ ಅಂಶ ಮತ್ತು ನಾರು ಗಮನಾರ್ಹ ಪ್ರಮಾಣದಲ್ಲಿರುತ್ತವೆ.

ಕೊಯ್ಲು ಮತ್ತು ಸಂಸ್ಕರಣೆ

ಹಣ್ಣನ್ನು ಕೊಂಬೆ ಅಲುಗಿಸಿ ಅಥವಾ ಉದ್ದನೆಯ ಗಳುವಿನಿಂದ ಬಡಿದು ಉದುರಿಸಲಾಗುತ್ತದೆ. ರಭಸದಿಂದ ಬಡಿದಲ್ಲಿ ಎಳೆಯ ರೆಂಬೆಗಳು ಮುರಿದು ಮುಂದಿನ ವರ್ಷದ ಫಸಲಿಗೆ ಹಾನಿಯಾಗುತ್ತದೆ. ಎತ್ತರದ ಮರಗಳನ್ನು ಹತ್ತಿ ಕೊಯ್ಯುವವರು ಬಿದ್ದು ಅಂಗವಿಕಲರಾಗುವ ಅಥವಾ ಸಾವನ್ನಪ್ಪುವ ಅಪಾಯವಿರುವುದರಿಂದ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವುದು, ಒಬ್ಬರೇ ಮರ ಹತ್ತದಿರುವುದು ಹಾಗೂ ನೆಲಕ್ಕೆ ಟಾರ್ಪಾಲಿನ್ ಹಾಸಿ ಹಣ್ಣು ಸಂಗ್ರಹಿಸುವುದು ಅವಶ್ಯಕ.

ಉದುರಿಸಿದ ಹಣ್ಣನ್ನು ಬಿಸಿಲಿನಲ್ಲಿ ಒಣಗಿಸಿ, ಓಡು ಬಿಡಿಸಿ, ನಾರು ತೆಗೆದು, ಕೊಡತಿಯಿಂದ ತಟ್ಟಿ ಬೀಜವನ್ನು ಬೇರ್ಪಡಿಸಲಾಗುತ್ತದೆ. ಈ ಕೆಲಸವನ್ನು ಬಹುಮಟ್ಟಿಗೆ ಮಹಿಳೆಯರು ಮನೆಯಲ್ಲಿಯೇ ಕೂಲಿಯ ಆಧಾರದ ಮೇಲೆ ಮಾಡುತ್ತಾರೆ. ಬೇಸಿಗೆಯಲ್ಲಿ ಹೊಲದ ಕೆಲಸವಿಲ್ಲದ ದಿನಗಳಲ್ಲಿ ಇದು ಅನೇಕ ಕುಟುಂಬಗಳಿಗೆ ಆಧಾರವಾಗಿರುತ್ತದೆ. ರಾಜ್ಯದಲ್ಲಿ ತುಮಕೂರಿನ ಮಾರುಕಟ್ಟೆಯು ಹುಣಸೆ ವಹಿವಾಟಿಗೆ ಹೆಸರುವಾಸಿಯಾಗಿದೆ.

ಮರದಲ್ಲಿ ಹೂವು ಅಥವಾ ಕಾಯಿ ಇರುವಾಗಲೇ ಇಡೀ ಮರದ ಫಸಲನ್ನು ಕಣ್ಣಂದಾಜಿನಲ್ಲಿ ಗುತ್ತಿಗೆಗೆ ಮಾರುವ ಪದ್ಧತಿ ಹಲವೆಡೆ ಇದೆ. ತುರ್ತು ಹಣದ ಅವಶ್ಯಕತೆಯಿಂದ ಹೀಗೆ ಮಾರಿದಾಗ ಬೆಲೆ ಏರಿಕೆಯ ಲಾಭವು ಮರದ ಒಡೆಯರಿಗೆ ದೊರೆಯುವುದಿಲ್ಲ. ಓಡು, ನಾರು, ಬೀಜ ತೆಗೆದು ಬಣ್ಣದ ಆಧಾರದ ಮೇಲೆ ವಿಂಗಡಿಸಿದ ಹಣ್ಣಿಗೆ ಇಡೀ ಹಣ್ಣಿಗಿಂತ ಹೆಚ್ಚಿನ ಬೆಲೆ ಸಿಗುವುದರಿಂದ, ಮಹಿಳಾ ಸ್ವಸಹಾಯ ಗುಂಪುಗಳು ಒಟ್ಟಾಗಿ ಸಂಸ್ಕರಿಸಿ ಮಾರಾಟ ಮಾಡುವುದು ಲಾಭದಾಯಕ.

ಅರಣ್ಯದಲ್ಲಿ ದೊರೆಯುವ ಹುಣಸೆಯು ಕಿರು ಅರಣ್ಯ ಉತ್ಪನ್ನವಾಗಿದೆ. ಅರಣ್ಯ ಹಕ್ಕುಗಳ ಅಧಿನಿಯಮ 2006ರ ಪ್ರಕಾರ ಸಾಂಪ್ರದಾಯಿಕವಾಗಿ ಇಂತಹ ಉತ್ಪನ್ನಗಳನ್ನು ಸಂಗ್ರಹಿಸುತ್ತ ಬಂದಿರುವ ಅರಣ್ಯವಾಸಿ ಸಮುದಾಯಗಳಿಗೆ ಅವುಗಳ ಮೇಲೆ ಹಕ್ಕಿದೆ. 2013-14ರಲ್ಲಿ ಕೇಂದ್ರ ಸರ್ಕಾರವು ಕಿರು ಅರಣ್ಯ ಉತ್ಪನ್ನಗಳಿಗಾಗಿ ಆರಂಭಿಸಿದ ಕನಿಷ್ಠ ಬೆಂಬಲ ಬೆಲೆ ಯೋಜನೆಯಲ್ಲಿ ಹುಣಸೆಯನ್ನೂ ಸೇರಿಸಲಾಯಿತು.

ಶೇಖರಣೆ

ಹೊಸ ಹುಣಸೆಯು ನಸುಗೆಂಪು ಅಥವಾ ಕಂದು ಬಣ್ಣದ್ದಾಗಿದ್ದು, ದಿನ ಕಳೆದಂತೆ ಕಪ್ಪಾಗುತ್ತದೆ. ಶಾಖ ಮತ್ತು ತೇವಾಂಶ ಹೆಚ್ಚಿದಂತೆ ಈ ಬದಲಾವಣೆಯು ವೇಗವಾಗುತ್ತದೆ. ವ್ಯಾಪಾರಸ್ಥರು ಬಣ್ಣ ಕಾಪಾಡಲು ಶೈತ್ಯಾಗಾರವನ್ನು ಬಳಸುತ್ತಾರೆ. ಮನೆಗಳಲ್ಲಿ ಈ ಕೆಳಕಂಡ ಕ್ರಮಗಳನ್ನು ಅನುಸರಿಸಬಹುದು.

1. ಬೀಜ, ನಾರು, ಮಣ್ಣು ಇಲ್ಲದಂತೆ ಶುಚಿಗೊಳಿಸಿ ಎರಡು ಮೂರು ದಿನ ಚೆನ್ನಾಗಿ ಬಿಸಿಲಿನಲ್ಲಿ ಒಣಗಿಸುವುದು.
2. ಕಲ್ಲುಪ್ಪು ಬೆರೆಸಿ ಉಂಡೆ ಕಟ್ಟಿ, ಗಾಳಿಯಾಡದಂತೆ ಒತ್ತಿ ತುಂಬುವುದು.
3. ಪಿಂಗಾಣಿ ಭರಣಿ, ಮಣ್ಣಿನ ಮಡಕೆ ಅಥವಾ ಗಾಜಿನ ಜಾಡಿಯಲ್ಲಿಯೇ ಇಡುವುದು.
4. ಒದ್ದೆ ಕೈ ಅಥವಾ ಒದ್ದೆ ಚಮಚ ಬಳಸದಿರುವುದು. ಬೂಷ್ಟು ಹಿಡಿದ ಹುಣಸೆಯನ್ನು ತೊಳೆದು ಬಳಸದೆ ಬಿಸಾಡುವುದು.

ಪಾತ್ರೆಗಳ ಬಗ್ಗೆ ಎಚ್ಚರಿಕೆ

ಹುಣಸೆಯ ಆಮ್ಲವು ಲೋಹಗಳೊಂದಿಗೆ ವರ್ತಿಸುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಬೆಳಗಲು ಹುಣಸೆ ಹಣ್ಣು ಉತ್ತಮವಾಗಿರುವುದಕ್ಕೆ ಕಾರಣವೇ ಅವುಗಳಲ್ಲಿ ಹುಳಿ ಪದಾರ್ಥಗಳನ್ನು ಬೇಯಿಸಬಾರದೆಂಬುದಕ್ಕೂ ಕಾರಣವಾಗಿದೆ. ಕಲಾಯಿ ಇಲ್ಲದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿಟ್ಟ ಸಾರು ಕಿಲುಬು ಹಿಡಿದು ವಾಂತಿ, ಹೊಟ್ಟೆನೋವಿಗೆ ಕಾರಣವಾಗಬಹುದು. ಕಲಾಯಿಗೆ ಶುದ್ಧ ತವರವನ್ನೇ ಬಳಸತಕ್ಕದ್ದು. ಸೀಸ ಬೆರೆತ ತವರದಿಂದ ಹುಳಿ ಅಡುಗೆಗೆ ಸೀಸವು ಸೇರಿ, ವಿಶೇಷವಾಗಿ ಮಕ್ಕಳ ಹಾಗೂ ಗರ್ಭಿಣಿಯರ ಆರೋಗ್ಯಕ್ಕೆ ಹಾನಿಯಾಗುತ್ತದೆ. ಮಣ್ಣಿನ ಪಾತ್ರೆ, ಬಳಪದ ಕಲ್ಲಿನ ಪಾತ್ರೆ ಮತ್ತು ಸ್ಟೀಲ್ ಪಾತ್ರೆಗಳು ಹುಳಿ ಅಡುಗೆಗೆ ಸೂಕ್ತ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಅಡುಗೆಯನ್ನು ರಾತ್ರಿಯಿಡೀ ಬಿಡಬಾರದು.

ಪಾಕೋಪಯೋಗಗಳು

ಕನ್ನಡ ನಾಡಿನ ಅಡುಗೆಯಲ್ಲಿ ಹುಣಸೆಗೆ ಇರುವ ಸ್ಥಾನವನ್ನು ಪದಾರ್ಥಗಳ ಹೆಸರೇ ತಿಳಿಸುತ್ತದೆ. ಹಳೆಯ ಮೈಸೂರು ಪ್ರಾಂತ್ಯದಲ್ಲಿ ಬೇಳೆ ಮತ್ತು ತರಕಾರಿಯ ಮುಖ್ಯ ವ್ಯಂಜನಕ್ಕೆ 'ಹುಳಿ' ಎಂದೇ ಹೆಸರು. ಬಿಸಿಬೇಳೆ ಹುಳಿಯನ್ನ, ಪುಳಿಯೋಗರೆ, ಹುಳಿ ಅವಲಕ್ಕಿ ಮುಂತಾದವುಗಳಲ್ಲಿಯೂ ಹುಳಿಯೇ ಹೆಸರಾಗಿದೆ.

ಹುಣಸೆ ರಸ ತೆಗೆಯುವ ಕ್ರಮ: ಪಾಕದಲ್ಲಿ ಹುಣಸೆಯನ್ನು ನೆಲ್ಲಿಕಾಯಿ ಗಾತ್ರ, ನಿಂಬೆಹಣ್ಣಿನ ಗಾತ್ರ ಎಂದು ಅಳೆಯುವುದು ವಾಡಿಕೆ. ಅಗತ್ಯವಿರುವಷ್ಟನ್ನು ಒಮ್ಮೆ ತೊಳೆದು, ಉಗುರು ಬೆಚ್ಚಗಿನ ನೀರಿನಲ್ಲಿ 15ರಿಂದ 20 ನಿಮಿಷ ನೆನೆಸಿ, ಕಿವುಚಿ, ಸೋಸಿ, ಹಿಪ್ಪೆಯನ್ನು ತೆಗೆಯಬೇಕು. ಹಳೆಯ ಹುಣಸೆಯ ರಸ ಗಾಢ ಬಣ್ಣದ್ದಾಗಿರುವುದರಿಂದ ಗೊಜ್ಜಿಗೂ, ಹೊಸ ಹುಣಸೆಯ ರಸ ತಿಳಿ ಬಣ್ಣದ್ದಾಗಿರುವುದರಿಂದ ತಿಳಿಸಾರಿಗೂ ಸೂಕ್ತ.

ಹುಳಿ ಸೇರಿಸುವ ಸಮಯ: ಬೇಳೆ ಮತ್ತು ತರಕಾರಿ ಮೆತ್ತಗೆ ಬೆಂದ ನಂತರವೇ ಹುಣಸೆ ರಸವನ್ನು ಸೇರಿಸಬೇಕು. ಆಮ್ಲವು ಕಾಳು ಮತ್ತು ತರಕಾರಿಗಳ ಕೋಶಭಿತ್ತಿಯು ಮೃದುವಾಗುವುದನ್ನು ತಡೆಯುವುದರಿಂದ ಮೊದಲೇ ಹಾಕಿದಲ್ಲಿ ಹೆಚ್ಚು ಸೌದೆ ಅಥವಾ ಅನಿಲ ವ್ಯಯವಾಗುತ್ತದೆ. ರಸ ಸೇರಿಸಿದ ಮೇಲೆ ಹಸಿ ವಾಸನೆ ಹೋಗುವವರೆಗೆ ಕುದಿಸಬೇಕು. ಬೆಂಡೆಕಾಯಿ ಗೊಜ್ಜಿನಲ್ಲಿ ಮಾತ್ರ ಲೋಳೆಯನ್ನು ಕಡಿಮೆ ಮಾಡುವ ಸಲುವಾಗಿ ಸ್ವಲ್ಪ ರಸವನ್ನು ಮೊದಲೇ ಹಾಕುವುದುಂಟು. ಕೆಸುವಿನ ಎಲೆ, ಸುವರ್ಣಗಡ್ಡೆಗಳ ತುರಿಕೆಯನ್ನು ತಗ್ಗಿಸಲು ಹುಣಸೆ ಬಳಸಲಾಗುತ್ತದೆ. ಕರಾವಳಿಯ ಪತ್ರೊಡೆಯ ಹಿಟ್ಟಿಗೆ ಹುಣಸೆ ಅರೆದು ಸೇರಿಸುವುದು ಈ ಉದ್ದೇಶದಿಂದಲೇ.

ಪುಳಿಯೋಗರೆ ಗೊಜ್ಜು: ದೇವಾಲಯದ ಪ್ರಸಾದವಾಗಿ, ವಿಶೇಷವಾಗಿ ಮೇಲುಕೋಟೆಯಲ್ಲಿ, ಪುಳಿಯೋಗರೆ ಪ್ರಸಿದ್ಧವಾಗಿದೆ. 100 ಗ್ರಾಂ ಹುಣಸೆಯ ಗಟ್ಟಿ ರಸಕ್ಕೆ ಉಪ್ಪು, ಅರಿಶಿನ ಮತ್ತು ಸುಮಾರು 50 ಗ್ರಾಂ ಬೆಲ್ಲ ಸೇರಿಸಿ ಕುದಿಸಬೇಕು. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಮೆಂತ್ಯ, ಕಾಳುಮೆಣಸು ಹಾಗೂ ಕರಿ ಎಳ್ಳನ್ನು ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿ ಹಾಕಬೇಕು. ಎಣ್ಣೆ, ಸಾಸಿವೆ, ಕಡಲೆಬೇಳೆ, ಕಡಲೆಕಾಯಿ ಬೀಜ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು, ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ನೀರಿನಂಶ ಕಡಿಮೆಯಾಗಿ ಹುಳಿ, ಉಪ್ಪು, ಎಣ್ಣೆ ಸೇರಿರುವುದರಿಂದ ಈ ಗೊಜ್ಜು ಬೇಗ ಕೆಡುವುದಿಲ್ಲ. ಉದುರಾಗಿ ಮಾಡಿದ, ಆರಿದ ಅನ್ನಕ್ಕೆ ಇದನ್ನು ಕಲಸಿ, ಒಣ ಕೊಬ್ಬರಿ ತುರಿ ಸೇರಿಸಲಾಗುತ್ತದೆ. ದೂರ ಪ್ರಯಾಣದ ಬುತ್ತಿಗೆ ಪುಳಿಯೋಗರೆ ಮೊದಲಿನಿಂದಲೂ ಮೆಚ್ಚಿನದಾಗಿರುವುದು ಈ ಕಾರಣದಿಂದ.

ಪ್ರಾದೇಶಿಕ ಬಳಕೆ: ಉತ್ತರ ಕರ್ನಾಟಕದಲ್ಲಿ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಹೋಳಿಗೆಯೊಂದಿಗಿನ ಕಟ್ಟಿನ ಸಾರು ಹಾಗೂ ಮಂಡಕ್ಕಿಯ ಗಿರ್ಮಿಟ್‌ನಲ್ಲಿ ಹುಣಸೆ ಮತ್ತು ಬೆಲ್ಲ ಜೊತೆಯಾಗಿ ಬಳಕೆಯಾಗುತ್ತವೆ. ಹಳೆಯ ಮೈಸೂರು ಭಾಗದಲ್ಲಿ ಮುದ್ದೆಯೊಂದಿಗೆ ಉಣ್ಣುವ ಸೊಪ್ಪಿನ ಬಸ್ಸಾರು, ಹುರುಳಿ ಸಾರುಗಳಿಗೆ ಹುಣಸೆಯೇ ಹುಳಿ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಹಾಗಲಕಾಯಿ ಅಥವಾ ಅನಾನಸಿನ ಮೆಣಸ್ಕಾಯಿ ಹಾಗೂ ಮೀನಿನ ಪದಾರ್ಥಗಳಿಗೆ ಹುಣಸೆ ಬಳಸಲಾಗುತ್ತದೆ.

ಕಾಯಿ ಮತ್ತು ಚಿಗುರು: ಬೀಜ ಬಲಿಯದ ಹಸಿ ಹುಣಸೆಕಾಯಿಯನ್ನು ಉಪ್ಪು, ಹಸಿಮೆಣಸಿನಕಾಯಿ, ಅರಿಶಿನ, ಮೆಂತ್ಯದೊಂದಿಗೆ ಕುಟ್ಟಿ ತೊಕ್ಕು ಮಾಡಲಾಗುತ್ತದೆ. ವಸಂತದಲ್ಲಿ ಬರುವ ಎಳೆಯ ಚಿಗುರನ್ನು ಬೇಳೆಯೊಂದಿಗೆ ಬೇಯಿಸಿ ಅಥವಾ ಚಟ್ನಿ ಅರೆದು ಬಳಸುತ್ತಾರೆ. ನೆರಳಿನಲ್ಲಿ ಒಣಗಿಸಿದ ಚಿಗುರಿನ ಪುಡಿಯನ್ನು ಸೊಪ್ಪು ದೊರೆಯದ ದಿನಗಳಿಗೆ ಇಟ್ಟುಕೊಳ್ಳಬಹುದು.

ಚಿಗಳಿ ಮತ್ತು ಪಾನಕ: ಹುಣಸೆ ಹಣ್ಣು, ಬೆಲ್ಲ, ಉಪ್ಪು, ಜೀರಿಗೆ, ಒಣಮೆಣಸಿನಕಾಯಿಯನ್ನು ಒರಳಿನಲ್ಲಿ ಕುಟ್ಟಿ ಕಡ್ಡಿಗೆ ಮೆತ್ತಿದ ಚಿಗಳಿಯು ಮಕ್ಕಳಿಗೆ ಬಲು ಪ್ರಿಯ. ತೆಳುವಾದ ರಸಕ್ಕೆ ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿದ ಪಾನಕವು ಬೇಸಿಗೆಯ ದಾಹಕ್ಕೆ ಹಿತಕರ.

ಬೀಜ: ಹುರಿದು ಸಿಪ್ಪೆ ತೆಗೆದ ಹುಣಸೆ ಬೀಜವನ್ನು ತಿನ್ನುವುದುಂಟು. ಬರಗಾಲದಲ್ಲಿ ಇದು ಆಹಾರವಾಗಿಯೂ ಒದಗಿದೆ. ಬೀಜದ ತಿರುಳಿನ ಪುಡಿಯಲ್ಲಿ ಅಂಟು ಗುಣವಿರುವುದರಿಂದ ಜವಳಿ ಉದ್ಯಮದಲ್ಲಿ ನೂಲಿಗೆ ಗಂಜಿ ಹಾಕಲು ಬಳಕೆಯಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮುಂತಾದೆಡೆ ಕಂಬಳಿ ನೇಯುವವರು ಉಣ್ಣೆಯ ಹಾಸಿಗೆ ಬಳಿಯುವುದು ಹುಣಸೆ ಬೀಜದ ಸರಿಯನ್ನೇ. ಅರ್ಧಕ್ಕೆ ಸೀಳಿದ ಬೀಜಗಳು ಚೌಕಾಬಾರದ ಆಟದಲ್ಲಿ ದಾಳಗಳಾಗುತ್ತವೆ.

ಇತರ ದೇಶಗಳಲ್ಲಿ: ಥಾಯ್ಲೆಂಡಿನ ಪಾಡ್ ಥಾಯ್ ಎಂಬ ಶಾವಿಗೆಯ ಖಾದ್ಯ, ಮೆಕ್ಸಿಕೋದ ಪಾನೀಯ ಹಾಗೂ ಇಂಗ್ಲೆಂಡಿನ ವೂಸ್ಟರ್ ಸಾಸ್‌ನಲ್ಲಿಯೂ ಹುಣಸೆ ಸೇರಿದೆ. ಹಾಗೆಯೇ ತಿನ್ನಬಹುದಾದ ಸಿಹಿ ಹುಣಸೆಯನ್ನು ಥಾಯ್ಲೆಂಡಿನಲ್ಲಿ ವ್ಯಾಪಕವಾಗಿ ಬೆಳೆಯುತ್ತಾರೆ.

ಆರೋಗ್ಯ ಸಂಬಂಧಿ ಮಾಹಿತಿ

ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಒಣ ಜಿಲ್ಲೆಗಳಲ್ಲಿಯೇ ಹುಣಸೆಯೂ ಹೆಚ್ಚಾಗಿ ಬೆಳೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 10 ಗ್ರಾಂ ಹುಣಸೆ ಸೇವಿಸಿದ ಶಾಲಾ ಬಾಲಕರ ಮೂತ್ರದಲ್ಲಿ ಫ್ಲೋರೈಡ್ ವಿಸರ್ಜನೆ ಹೆಚ್ಚಿದ್ದು ಕಂಡುಬಂದಿತು. ಆದರೆ ಇದು ಕೆಲವೇ ಬಾಲಕರ ಮೇಲೆ ನಡೆದ ಅಲ್ಪಾವಧಿಯ ಅಧ್ಯಯನ. ಹುಣಸೆಯನ್ನು ಫ್ಲೋರೋಸಿಸ್‌ಗೆ ಚಿಕಿತ್ಸೆ ಎಂದು ಭಾವಿಸಬಾರದು. ಶುದ್ಧ ಕುಡಿಯುವ ನೀರಿಗೆ ಬದಲಿ ಇಲ್ಲ.

ಅತಿಯಾದ ಸೇವನೆಯಿಂದ ಹಲ್ಲು ಜುಮ್ಮೆನ್ನುವುದು ಹಾಗೂ ಎದೆಯುರಿ ಉಂಟಾಗಬಹುದು. ಆಸ್ಪಿರಿನ್, ಐಬುಪ್ರೊಫೆನ್‌ನಂತಹ ಔಷಧಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಹುಣಸೆಯು ಹೆಚ್ಚಿಸಬಲ್ಲದಾದ್ದರಿಂದ ಇವುಗಳನ್ನು ನಿಯಮಿತವಾಗಿ ಸೇವಿಸುವವರು ವೈದ್ಯರ ಸಲಹೆ ಪಡೆಯುವುದು ಸೂಕ್ತ.

ಬೇಸಾಯ

ಹುಣಸೆಯು ಆಳವಾದ ಬೇರಿನಿಂದಾಗಿ ಬರವನ್ನು ಸಹಿಸಬಲ್ಲದು. ನೀರು ನಿಲ್ಲುವ ಭೂಮಿ ಇದಕ್ಕೆ ಸೂಕ್ತವಲ್ಲ. ಬೀಜದಿಂದ ಬೆಳೆದ ಗಿಡಗಳು ಫಲ ನೀಡಲು 7ರಿಂದ 10 ವರ್ಷ ಅಥವಾ ಹೆಚ್ಚು ಕಾಲ ಬೇಕು; ತಾಯಿಮರದ ಗುಣಗಳೂ ಖಚಿತವಾಗಿ ಬರುವುದಿಲ್ಲ. ಕಸಿ ಗಿಡಗಳು 3ರಿಂದ 4 ವರ್ಷಗಳಲ್ಲಿ ಫಲ ಕೊಡಲಾರಂಭಿಸುತ್ತವೆ. ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದ ಪಿ.ಕೆ.ಎಂ.-1, ಮಹಾರಾಷ್ಟ್ರದ ಪ್ರತಿಷ್ಠಾನ್ ಹಾಗೂ ಧಾರವಾಡದ ಡಿ.ಟಿ.ಎಸ್.-1, ಡಿ.ಟಿ.ಎಸ್.-2 ತಿಳಿದಿರುವ ತಳಿಗಳು. 10 ಮೀಟರ್ ಅಂತರದಲ್ಲಿ, 1 ಮೀಟರ್ ಉದ್ದ, ಅಗಲ, ಆಳದ ಗುಂಡಿಗಳಲ್ಲಿ ಮುಂಗಾರಿನ ಆರಂಭದಲ್ಲಿ ನೆಟ್ಟರೆ ಹೆಕ್ಟೇರಿಗೆ 100 ಗಿಡಗಳು ಹಿಡಿಸುತ್ತವೆ. ಮೊದಲ ಕೆಲವು ವರ್ಷ ನಡುವೆ ಕಡಲೆಕಾಯಿ, ಹುರುಳಿ, ಅವರೆ ಬೆಳೆಯಬಹುದು.

ಹಳೆಯ ಮರಗಳ ಸಂರಕ್ಷಣೆ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು ಜೀವವೈವಿಧ್ಯ ಅಧಿನಿಯಮ 2002ರ ಅಡಿಯಲ್ಲಿ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿ ಈ ಮಾನ್ಯತೆ ಪಡೆದ ಪ್ರಥಮ ತಾಣ ಇದಾಗಿದೆ. 54 ಎಕರೆ ವಿಸ್ತೀರ್ಣದ ಈ ತೋಪಿನಲ್ಲಿ ಸುಮಾರು 300 ಮರಗಳಿದ್ದು, ಕೆಲವು 400 ವರ್ಷಗಳಿಗೂ ಹಳೆಯವೆಂದು ಹೇಳಲಾಗುತ್ತದೆ. ಚೋಳರ ಕಾಲದಿಂದ ಈ ತೋಪು ಇದೆಯೆಂಬುದು ಸ್ಥಳೀಯರ ನಂಬಿಕೆ. ಕೆಲವು ಮರಗಳಲ್ಲಿ ಮೂಲ ಕಾಂಡವು ಟೊಳ್ಳಾಗಿ, ನೆಲಕ್ಕೆ ಬಾಗಿದ ಕೊಂಬೆಗಳು ಹೊಸದಾಗಿ ಚಿಗುರಿ ಮರವನ್ನು ಮುಂದುವರಿಸಿವೆ.

ಇಂತಹ ಮಾನ್ಯತೆ ಇಲ್ಲದ ಸಾವಿರಾರು ಮರಗಳು ರಸ್ತೆ ವಿಸ್ತರಣೆ, ಬಡಾವಣೆ ನಿರ್ಮಾಣ, ಇಟ್ಟಿಗೆ ಗೂಡಿನ ಸೌದೆ ಮುಂತಾದ ಕಾರಣಗಳಿಗೆ ಬಲಿಯಾಗುತ್ತಿವೆ. ಕಡಿದ ಮರಕ್ಕೆ ಬದಲಾಗಿ ನೆಟ್ಟ ಸಸಿಯು ಅದೇ ಪ್ರಮಾಣದ ಫಸಲು ಮತ್ತು ನೆರಳು ನೀಡಲು ಒಂದು ತಲೆಮಾರು ಕಾಯಬೇಕಾಗುತ್ತದೆ. ಗುಂಡುತೋಪು ಮತ್ತು ಸಾಲುಮರಗಳ ಹಣ್ಣು ಆರಿಸಿ ಜೀವನ ನಡೆಸುವ ಭೂರಹಿತ ಕುಟುಂಬಗಳಿಗೆ ಮರದೊಂದಿಗೆ ಒಂದು ಋತುವಿನ ಆದಾಯವೇ ಇಲ್ಲವಾಗುತ್ತದೆ.

ಆದುದರಿಂದ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ತಮ್ಮ ವ್ಯಾಪ್ತಿಯ ಹಳೆಯ ಹುಣಸೆ ಮರಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಮೂದಿಸುವುದು, ಉತ್ತಮ ಹಣ್ಣಿನ ಮರಗಳಿಂದ ಕಸಿ ಕಡ್ಡಿಗಳನ್ನು ಪಡೆದು ತಳಿ ಉಳಿಸುವುದು ಹಾಗೂ ಬುಡಕ್ಕೆ ಬೆಂಕಿ ಹಾಕದಂತೆ, ಮೊಳೆ ಹೊಡೆಯದಂತೆ ನೋಡಿಕೊಳ್ಳುವುದು ಅಗತ್ಯ. ಸ್ವಂತ ಜಮೀನಿನಲ್ಲಿರುವ ಮರವನ್ನು ಕಡಿಯುವ ಮುನ್ನ, ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರ ಅನ್ವಯ ಅನುಮತಿ ಅಗತ್ಯವಿದೆಯೇ ಎಂಬುದನ್ನು ಸಾರ್ವಜನಿಕರು ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಕಸಿ ಗಿಡಗಳು ಮತ್ತು ಬೇಸಾಯ ಕ್ರಮಗಳ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ಸಮೀಪದ ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.